ಜೋಳದ ಹಿಟ್ಟಿನ ಡಗ್ಗಾ

1943ರ ಮೇ ತಿಂಗಳ ಒಂದು ಭಾನುವಾರ ಮುಂಜಾನೆ, ಹಾನಗಲ್ಲಿನ ನಮ್ಮ ಹಂಚಿನ ಮಾಡಿನ ಕ್ರೈಸ್ತ ದೇವಾಲಯದಲ್ಲಿ ಆರಾಧನೆ ನಡೆದಿದ್ದಾಗ, ನನ್ನ ಅಪ್ಪ ಬಾರಿಸುತ್ತಿದ್ದ ಡಗ್ಗಾದ ಮೇಲಿಂದ ಜೋಳದ ಹಿಟ್ಟಿನ ಬಿಲ್ಲೆಯೊಂದು ಹಾರಿ, ಹಿರೇಕೆರೂರಿನಿಂದ ಹೆಣ್ಣು ನೋಡಲು ಬಂದಿದ್ದ ಹಿರಿಯರೊಬ್ಬರ ಎದೆಗೆ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ನೋಡಬೇಕಾಗಿದ್ದ ಹೆಣ್ಣು ನಾನು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮಗಳು. ಮೊನ್ನೆ ಚಪಾತಿಗೆಂದು ಕಲಸಿಟ್ಟ ಕಣಕದಲ್ಲಿ ಒಂದು ಹಿಡಿ ಕಿತ್ತು, ಸೀಮೆಎಣ್ಣೆ ಡಬ್ಬಿಯ ಮೇಲೆ ಮೆತ್ತಿ, ಎರಡೂ ಕೈಯಿಂದ ಬಾರಿಸುತ್ತ ಕುಳಿತಿದ್ದಳು. ಅವಳಿಗೆ ಇನ್ನೂ ಮಾತು ಪೂರ್ತಿ ಬರುವುದಿಲ್ಲ. ಇದನ್ನು ಯಾರೂ ಕಲಿಸಿಯೂ ಇಲ್ಲ. ತಾಯಿಯಾದವಳು ಬಯ್ಯಬೇಕಾಗಿತ್ತು, ನಾನು ನಾದ ಹೇಗಿದೆ ಎಂದು ಕಿವಿಗೊಟ್ಟು ನಿಂತುಬಿಟ್ಟೆ. ನಾದ ಚೆನ್ನಾಗಿತ್ತು. ಚಪಾತಿಗೆ ಸೀಮೆಎಣ್ಣೆಯ ವಾಸನೆ ಹಿಡಿದಿತ್ತು.

ಡಗ್ಗಾಕ್ಕೂ ಕಣಕಕ್ಕೂ ಏನು ಸಂಬಂಧ ಎಂದು ಪೇಟೆಯವರು ಕೇಳಬಹುದು. ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವುದು. ಈಗಿನ ಡಗ್ಗಾಗಳ ಚರ್ಮದ ಮೇಲೆ ಕರಿಯ ಬೊಟ್ಟು ಶಾಶ್ವತವಾಗಿ ಕೂತಿರುತ್ತದೆ. ಅಪ್ಪನದು ಹಳೆಯ ಕಾಲದ್ದು. ಅದರ ಚರ್ಮ ಬರಿದು. ಪ್ರತಿಸಲ ಬಾರಿಸುವ ಮೊದಲು ಗೋದಿಹಿಟ್ಟಿನ ಹಸಿ ಕಣಕವನ್ನು ಬಿಲ್ಲೆಯ ಹಾಗೆ ನಡುವೆ ಮೆತ್ತಬೇಕು. ಆಗ ಡಗ್ಗಾ ‘ಗುಂಯ್’ ಎನ್ನುತ್ತದೆ. ಮೆತ್ತದಿದ್ದರೆ ಕಾಳು ತುಂಬುವ ಖಾಲಿ ಹಗೇವಿನ ಮುಚ್ಚಳ ಬಡಿದಂತೆ ‘ಠಪ್’ ಎನ್ನುತ್ತದೆ. ಬಾರಿಸಿ ಮುಗಿದ ಮೇಲೆ ಕಣಕವನ್ನು ಕೆರೆದು ತೆಗೆಯಬೇಕು. ಹಾಗೆ ಕೆರೆದದ್ದನ್ನು ಅಪ್ಪ ದೇವಾಲಯದ ಮೆಟ್ಟಿಲ ಮೇಲೆ ಅಯ್ಯನವರ ಕೋಳಿಗಳಿಗೆ ಹಾಕುತ್ತಿದ್ದ. ಅಯ್ಯನವರೆಂದರೆ ನಮ್ಮ ಸಭೆಯ ಪಾಲಕರು. ಅವರ ಕೋಳಿಗಳು ಕಡೆಯ ಕೀರ್ತನೆಯನ್ನು ಚೆನ್ನಾಗಿ ಗುರುತು ಹಿಡಿದಿದ್ದವು. ಮೊದಲ ಸಾಲು ಕೇಳಿದೊಡನೆ ಬಾಗಿಲಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಅಯ್ಯನವರ ಉಪದೇಶದ ಪ್ರಸಂಗ ಉದ್ದವಾದ ದಿನ ಸಭೆಯವರಿಗಿಂತ ಮೊದಲು ಅವೇ ಚಡಪಡಿಸುತ್ತಿದ್ದವು.

ಹೀಗಾಗಿ ನಮ್ಮ ಮನೆಯ ಅಡಿಗೆಮನೆಗೂ ದೇವಾಲಯಕ್ಕೂ ನಡುವೆ ಒಂದೇ ಹಿಟ್ಟಿನ ಡಬ್ಬಿ ಇತ್ತು. ಭಾನುವಾರ ಮುಂಜಾನೆ ಅವ್ವ ಕಣಕ ನಾದಿದರೆ ಅಪ್ಪ ಬಂದು ಒಂದು ಬೆರಳಿಂದ ಕಣಕ ಒತ್ತಿ, ಇನ್ನೊಂದು ಬೆರಳಿಂದ ತನ್ನ ಕಿವಿಯ ಹಾಲೆ ಒತ್ತಿ ನೋಡುತ್ತಿದ್ದ. ಎರಡೂ ಒಂದೇ ಮೆದುವಾಗಿದ್ದರೆ ಪಾಸು. ಇಲ್ಲದಿದ್ದರೆ ಅವ್ವ ಮತ್ತೆ ನಾದಬೇಕು. ಮದುವೆಯಾದಂದಿನಿಂದ ತಾನು ಈ ಮನುಷ್ಯನ ಕಿವಿಗೆ ಸರಿಯಾಗಿ ಚಪಾತಿ ಮಾಡುತ್ತ ಬಂದಿದ್ದೇನೆ ಎಂದು ಅವ್ವ ಬಂದವರೆದುರಿಗೆ ಹೇಳುತ್ತಿದ್ದಳು.

ಅಪ್ಪನ ಹೆಸರು ಸಮಾಧಾನಪ್ಪ. ದವಾಖಾನೆಯಲ್ಲಿ ಕಂಪೌಂಡರು. ಔಷಧ ಅಳೆಯುವಾಗ ಹನಿ ಹನಿಗೂ ಕಣ್ಣು ಕಿರಿದು ಮಾಡುವ ಮನುಷ್ಯ. ನಡೆಯುವುದು ನಿಧಾನ, ಉಣ್ಣುವುದು ನಿಧಾನ, ಅಂಗಿಯ ಗುಂಡಿ ಹಾಕುವುದನ್ನು ನೋಡುತ್ತ ಕುಳಿತರೆ ನಮಗೆ ಆಕಳಿಕೆ ಬರುತ್ತಿತ್ತು. ಆದರೆ ಡಗ್ಗಾ ಮುಂದಿಟ್ಟರೆ ಓಡುತ್ತಿದ್ದ. ಅವನು ಬಾರಿಸುವುದನ್ನು ಕಲಿತದ್ದು ನಮ್ಮ ಓಣಿಯ ಭಜನೆ ಮೇಳದಲ್ಲಿ. ಅಲ್ಲಿ ಕಡೆಕಡೆಗೆ ಲಯ ಏರಿಸಿ, ಚಪ್ಪಾಳೆ ಏರಿಸಿ, ಎಲ್ಲರೂ ಬೆವರಿ ಮುಗಿಸುವುದೇ ಪದ್ಧತಿ. ಶುರುವಾದ ವೇಗದಲ್ಲೇ ಮುಗಿಸಿದವನನ್ನು ಸೋಮಾರಿ ಎನ್ನುತ್ತಾರೆ. ಅಪ್ಪ ಆ ನಂಬಿಕೆಯನ್ನು ಹಾಗೆಯೇ ದೇವಾಲಯಕ್ಕೆ ತಂದಿದ್ದ. ಪಾಪದ ಅರಿಕೆಯ ಕೀರ್ತನೆ ಎತ್ತಿನ ಬಂಡಿಯ ಹಾಗೆ ಹೊರಟು, ಕಡೆಯ ಚರಣಕ್ಕೆ ಟಪಾಲಿನ ಟಾಂಗಾದ ಹಾಗೆ ಬಂದು ನಿಲ್ಲುತ್ತಿತ್ತು. ವಯಸ್ಸಾದವರು ಮೂರನೆಯ ಚರಣದಲ್ಲೇ ಇಳಿದುಬಿಡುತ್ತಿದ್ದರು.

ಅವನನ್ನು ಹಿಡಿಯಲು ಬರುತ್ತಿದ್ದುದು ನನಗೊಬ್ಬಳಿಗೆ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವಳು ನಾನು. ಮಿಶನ್ ಶಾಲೆಯಲ್ಲಿ ದೊರೆಸಾನಿಯೊಬ್ಬರು ಕಲಿಸಿದ್ದು. ಅಪ್ಪ ಬಾರಿಸುವಾಗ ನನ್ನ ಸ್ವರ ಕೇಳುತ್ತಲೇ ಇರಲಿಲ್ಲ. ಪೇಟಿಯ ತಿದಿ ಒತ್ತುವ ನನ್ನ ಎಡಗೈ ನೋಡುತ್ತಿದ್ದ. ಕೈ ನಿಧಾನವಾದರೆ ಡಗ್ಗಾ ನಿಧಾನ. ಇದು ಅವನಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದೂ ಒಮ್ಮೆ ಕೈ ಜೋಮು ಹಿಡಿದು ತಿದಿ ನಿಂತಾಗ. ಅಪ್ಪ ಕೈ ಮೇಲೆತ್ತಿ ಗಾಳಿಯಲ್ಲೇ ಹಿಡಿದು ಕೂತಿದ್ದ. ನಾನು ಇಲ್ಲದ ಒಂದು ಭಾನುವಾರ ನಮ್ಮ ಸಭೆಯವರೇ ಆದ ದಾನಪ್ಪ ಮಾಸ್ತರರು ಪೇಟಿಗೆ ಕೂತಿದ್ದರು. ಮಾಸ್ತರರ ಬೆರಳು ನನಗಿಂತ ಶುದ್ಧ. ಆದರೆ ತಿದಿಯನ್ನು ನೊಣ ಹೊಡೆದಂತೆ ಪಟಪಟ ಒತ್ತುವುದು ಅವರ ಅಭ್ಯಾಸ. ಅಂದು ಕಾಣಿಕೆಯ ಚೀಲ ಎರಡನೆಯ ಚಾಪೆ ದಾಟುವ ಮೊದಲೇ ಕೀರ್ತನೆ ಮುಗಿದುಹೋಗಿತ್ತು. ಚೀಲ ಹಿಡಿದವರು ಮುಂದೆ ಹೋಗಬೇಕೋ ಹಿಂದೆ ಬರಬೇಕೋ ತಿಳಿಯದೆ ನಡುವೆ ನಿಂತಿದ್ದರಂತೆ.

ಪೇಟಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅದು ಕೆಟ್ಟಾಗ ಸವಣೂರಿಗೆ ಹೋಗಬೇಕು. ಅಲ್ಲಿ ನಾಟಕದವರ ಪೇಟಿ ದುರಸ್ತಿ ಮಾಡುವ ಸಾಹೇಬರೊಬ್ಬರಿದ್ದರು. ಒಮ್ಮೆ ದುರಸ್ತಿಯಾದ ಪೇಟಿ ವೀಳ್ಯದೆಲೆಯ ಬಂಡಿಯಲ್ಲಿ ಎಲೆಬುಟ್ಟಿಗಳ ನಡುವೆ ಕುಳಿತು ಮರಳಿತು. ಮುಂದೆ ಎಷ್ಟೋ ವಾರ ತಿದಿ ಒತ್ತಿದಾಗಲೆಲ್ಲ ಎಲೆಯ ವಾಸನೆ ಹೊರಗೆ ಬರುತ್ತಿತ್ತು. ಮುಂದಿನ ಚಾಪೆಯಲ್ಲಿ ಕೂಡುತ್ತಿದ್ದ ಮುದುಕಿಯೊಬ್ಬಳು ಸ್ತುತಿಗೀತೆಯ ನಡುವೆ ಸೊಂಟದ ಚಂಚಿ ಬಿಚ್ಚಿ ಅಡಿಕೆ ಹುಡುಕುತ್ತಿದ್ದಳು. ಅಯ್ಯನವರು ನೋಡಿಯೂ ನೋಡದಂತಿದ್ದರು. ಅವರಿಗೂ ಎಲೆಯ ಚಟವಿತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ನಾನು ಮದುವೆಯಾಗಿ ಹೋದರೆ ಅಪ್ಪನ ಡಗ್ಗಾ ನಿಲ್ಲುತ್ತಿತ್ತು. ಅಪ್ಪನ ಡಗ್ಗಾ ನಡೆಯಬೇಕಾದರೆ ನಾನು ನಿಲ್ಲಬೇಕಾಗಿತ್ತು. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನನ್ನ ಜೊತೆ ಶಾಲೆ ಕಲಿತವರ ಮಕ್ಕಳು ಆಗಲೇ ಭಾನುವಾರದ ಶಾಲೆಗೆ ಬರುತ್ತಿದ್ದರು. ಅವರಿಗೆ ಹಾಡು ಕಲಿಸುವವಳು ನಾನೇ. ಒಂದು ಹುಡುಗಿ ನನ್ನನ್ನು ಅಜ್ಜಿ ಎಂದು ಕರೆದಳು. ಅಂದು ಮನೆಗೆ ಬಂದು ಕನ್ನಡಿ ನೋಡಿದೆ. ನನಗೂ ಒಂದು ಮನೆ ಬೇಕು ಎಂದು ಆಗ ಸ್ಪಷ್ಟವಾಯಿತು.

ಗಂಡುಗಳು ಬರಲಿಲ್ಲವೆಂದಲ್ಲ. ಬಂದವರನ್ನು ಅಪ್ಪ ರೋಗಿಗಳಂತೆ ನೋಡುತ್ತಿದ್ದ. ಮೊದಲು ಶಿಗ್ಗಾಂವಿಯಿಂದ ಒಬ್ಬ ಬಂದ. ಕ್ಷೇಮಸಮಾಚಾರ ಮುಗಿಯುವ ಮೊದಲೇ ಅಪ್ಪ ಅವನಿಗೆ ನಾಲಿಗೆ ಚಾಚಲು ಹೇಳಿದ. ನಾಲಿಗೆಯ ಮೇಲೆ ಬಿಳಿ ಕಂಡಿತು. ಹುಡುಗ ಉತ್ತರ ಕೇಳಲು ಬಂದವನು ಔಷಧದ ಬಾಟಲಿ ಹಿಡಿದುಕೊಂಡು ಊರಿಗೆ ಹೋದ. ಎರಡನೆಯವನು ಹತ್ತಿಮತ್ತೂರಿನವನು. ಅವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆ ಎಂದು ಅಪ್ಪ ತೀರ್ಮಾನಿಸಿದ. ದಿನಾಲು ಬೆಲ್ಲ, ಶೇಂಗಾ ತಿನ್ನಲು ಹೇಳಿ ಕಳಿಸಿದ. ಅವನು ತಿಂದು ದಪ್ಪಗಾಗಿ ಬೇರೆ ಕಡೆ ಮದುವೆಯಾದನೆಂದು ಕೇಳಿದೆವು.

ಅವ್ವ ಆ ಸುದ್ದಿ ಬಂದ ದಿನ ಒಲೆಯ ಮುಂದಿನಿಂದಲೇ ಮಾತಾಡಿದಳು.

“ಹೆಣ್ಣು ಕೇಳಾಕ ಬಂದೋರಿಗೆ ಔಷಧ ಕೊಟ್ಟು ಕಳಸ್ತಾರೇನ್ರಿ? ಊರಾಗ ಏನಂತಾರಂದ್ರ, ಕಂಪೌಂಡರ್ ಮನಿಗೆ ಹೆಣ್ಣು ನೋಡಾಕ ಹೋಗಬ್ಯಾಡ್ರಿ, ಜ್ವರ ಬಂದಾಗ ಹೋಗ್ರಿ ಅಂತಾರ.”

“ಕಣ್ಣಿಗೆ ಕಂಡದ್ದು ಹೇಳಿದೆ,” ಎಂದ ಅಪ್ಪ.

“ನಿಮ್ಮ ಕಣ್ಣಿಗೆ ಕಂಡದ್ದು ಡಗ್ಗಾ. ಹುಡುಗನ ಮಾರಿ ನೀವು ನೋಡೇ ಇಲ್ಲ.”

ಅಪ್ಪ ಎದ್ದು ಗುಂಡಿ ಹಾಕಿಕೊಂಡು ದವಾಖಾನೆಗೆ ಹೋದ. ಅಂದು ಗುಂಡಿ ಹಾಕುವುದು ಬೇಗ ಮುಗಿಯಿತು.

ಮೂರನೆಯ ಕಡೆಯವರು ಹಿರೇಕೆರೂರಿನವರು. ಹುಡುಗನ ತಂದೆ ದೇವದಾನಪ್ಪನವರು ಸುತ್ತು ಬಳಸದ ಮನುಷ್ಯ. ಅವರ ಸಭೆಗೆ ಹಳೆಯ ಪೇಟಿಯೊಂದು ಬಂದಿತ್ತು. ಬಾರಿಸುವವರಿಲ್ಲದೆ ಅದು ಮೂಲೆಯಲ್ಲಿತ್ತು, ಇಲಿ ಮರಿಹಾಕಿತ್ತು. ಸೊಸೆಯಾಗಿ ಬರುವವಳಿಗೆ ಪೇಟಿ ಬರಬೇಕು, ಇಲಿಗೆ ಹೆದರಬಾರದು ಎಂದು ಅವರು ಅಯ್ಯನವರ ಮುಂದೆ ಹೇಳಿಯಾಗಿತ್ತು. ಹುಡುಗ ಜಯವಂತ ಶಾಲೆಯ ಮಾಸ್ತರ. ಇಬ್ಬರೂ ಶನಿವಾರ ಇದ್ದಿಲ ಗ್ಯಾಸಿನಿಂದ ಓಡುವ ಮೋಟಾರು ಬಸ್ಸಿನಲ್ಲಿ ಬಂದು, ಮುಖದ ಮಸಿ ತೊಳೆದು, ಅಯ್ಯನವರ ಮನೆಯಲ್ಲಿ ಇಳಿದುಕೊಂಡರು. ಭಾನುವಾರ ಆರಾಧನೆಯಲ್ಲಿ ಪೇಟಿ ಕೇಳುವುದು, ಆಮೇಲೆ ನಮ್ಮ ಮನೆಯಲ್ಲಿ ಊಟ, ಮಾತು. ಹೀಗೆ ಗೊತ್ತಾಗಿತ್ತು.

ಯುದ್ಧದ ಕಾಲ. ಗೋದಿ ಸಿಗುವುದು ಕಷ್ಟವಾಗಿತ್ತು. ಮನೆಯಲ್ಲಿ ಉಳಿದ ಗೋದಿಹಿಟ್ಟನ್ನು ಅವ್ವ ಶನಿವಾರವೇ ಹೋಳಿಗೆಗೆ ಎತ್ತಿಟ್ಟಿದ್ದಳು. ಭಾನುವಾರ ಮುಂಜಾನೆ ಅಪ್ಪ ಎಂದಿನಂತೆ ಬೆರಳು ಮುಂದೆ ಮಾಡಿಕೊಂಡು ಬಂದ. ಅವ್ವ ಕಣಕದ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು.

“ಹಿಟ್ಟು ಇರೋದ ಇಷ್ಟು. ಬಾಯಿ ಇರೋರಿಗೆ ಇಟ್ಟೇನಿ.”

“ಒಂದು ನಿಂಬಿಹಣ್ಣಿನಷ್ಟು ಕೊಡು. ಬೀಗರು ಕೇಳಾಕ ಬಂದಾರ.”

“ಬೀಗರು ಅಂದ್ರಿ. ಮೊದಲ ಸಲ ಅಂದ್ರಿ ನೋಡ್ರಿ,” ಎಂದಳು ಅವ್ವ. ಹಿಟ್ಟು ಮಾತ್ರ ಕೊಡಲಿಲ್ಲ.

ಅಪ್ಪ ತಾನೇ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದ. ಜೋಳದ ಹಿಟ್ಟು ಎಷ್ಟು ನಾದಿದರೂ ಗೋದಿಯ ಹಾಗೆ ಜಿಗಿ ಕಟ್ಟುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಇದು ನಮ್ಮ ಕಡೆ ರೊಟ್ಟಿ ಬಡಿಯುವ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ನಾನು ಹೇಳಲಿಲ್ಲ. ಆ ಮುಂಜಾನೆ ನನಗೆ ಬೇರೆ ಚಿಂತೆಗಳಿದ್ದವು: ಸೀರೆಯ ನಿರಿಗೆ ನಿಲ್ಲುತ್ತಿರಲಿಲ್ಲ.

ಮೊದಲೆರಡು ಕೀರ್ತನೆ ಸುರಳೀತ ನಡೆದವು. ಪ್ರಸಂಗದ ಹೊತ್ತಿಗೆ ಹಂಚು ಕಾದಿತ್ತು. ಡಗ್ಗಾದ ಮೇಲೆ ಹಿಟ್ಟಿನ ಬಿಲ್ಲೆ ಅಂಚಿನಿಂದ ಬಿರಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಕಡೆಯ ಕೀರ್ತನೆ ಶುರುವಾಯಿತು, ಕೋಳಿಗಳು ಬಾಗಿಲಿಗೆ ಬಂದವು. ಮೂರನೆಯ ಚರಣದಲ್ಲಿ ನನಗೆ ಗಂಡಿನ ಕಡೆ ಒಮ್ಮೆ ನೋಡಬೇಕೆನಿಸಿತು. ನೋಡಿದೆ. ಕೈ ತಾನಾಗಿ ಜೋರಾಯಿತು. ಅಪ್ಪನೂ ಜೋರಾದ. ಒಂದು ದೊಡ್ಡ ಪೆಟ್ಟಿಗೆ ಬಿಲ್ಲೆ ಎದ್ದಿತು.

ಅದು ಎಷ್ಟು ಎತ್ತರ ಹಾರಿತೆಂಬ ಬಗ್ಗೆ ಒಮ್ಮತವಿಲ್ಲ. ಹಂಚಿಗೆ ತಾಗಿ ಬಂತು ಎಂದು ಅಯ್ಯನವರ ಹೆಂಡತಿ ಹೇಳುತ್ತಾರೆ. ಅಷ್ಟು ಎತ್ತರವಿರಲಿಲ್ಲ ಎಂದು ಅಪ್ಪ ಇಂದಿಗೂ ವಾದಿಸುತ್ತಾನೆ. ಎಲ್ಲಿ ಬಿತ್ತು ಎಂಬುದರಲ್ಲಿ ಮಾತ್ರ ಎಲ್ಲರ ಹೇಳಿಕೆ ಒಂದೇ: ಗಂಡಸರ ಚಾಪೆಯ ಮುಂದಿನ ಸಾಲಿನಲ್ಲಿದ್ದ ದೇವದಾನಪ್ಪನವರ ಇಸ್ತ್ರಿಯ ಕರಿ ಕೋಟಿನ ಎದೆಗೆ ಬಡಿದು, ಅಲ್ಲಿಂದ ಜಾರಿ ಮಡಿಲಲ್ಲಿ ಕುಳಿತಿತು. ಡಗ್ಗಾ ‘ಠಪ್’ ಎಂದು ನಿಂತಿತು. ಹಾಡೂ ನಿಂತಿತು. ಕೋಳಿಗಳಿಗೆ ಇದು ಮುಕ್ತಾಯದ ಸೂಚನೆ ಎನಿಸಿರಬೇಕು. ಎಲ್ಲವೂ ಒಳಗೆ ಬಂದವು. ಅವುಗಳಲ್ಲಿ ಮುಂದಾಳಾಗಿದ್ದ ಕೆಂಪು ಹೇಂಟೆ ನೇರವಾಗಿ ದೇವದಾನಪ್ಪನವರ ಮಡಿಲಿಗೆ ಹತ್ತಿತು.

ಯಾರೂ ನಗಲಿಲ್ಲ. ಅದೇ ದೊಡ್ಡ ಕಷ್ಟವಾಗಿತ್ತು. ಹೆಂಗಸರ ಕಡೆ ಎಲ್ಲರೂ ಸೆರಗು ಬಾಯಿಗೊತ್ತಿ ತಲೆ ತಗ್ಗಿಸಿದ್ದರಿಂದ, ಎಲ್ಲರೂ ಪಶ್ಚಾತ್ತಾಪ ಪಡುತ್ತಿದ್ದಾರೆ ಎನ್ನುವ ಹಾಗಿತ್ತು. ಅಪ್ಪ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬರಿದಾದ ಡಗ್ಗಾ ನೋಡುತ್ತ ಕುಳಿತಿದ್ದ.

ಆಗ ಜಯವಂತ ಒಂದು ಕೈಯಿಂದ ಕೋಳಿಯನ್ನೆತ್ತಿ ಬಗಲಲ್ಲಿ ಹಿಡಿದ. ಇನ್ನೊಂದು ಕೈಯಿಂದ ತನ್ನ ತೊಡೆಯ ಮೇಲೆ ತಾಳ ಹಾಕತೊಡಗಿದ. ನಿಧಾನ, ಸಮ. ನಿಂತುಹೋದ ಸಾಲನ್ನು ತಾನೇ ಎತ್ತಿದ. ಸ್ವರ ಅಷ್ಟೇನೂ ಚೆನ್ನಾಗಿರಲಿಲ್ಲ. ನಾನು ಪೇಟಿ ಹಿಡಿದೆ, ಸಭೆ ಸೇರಿಕೊಂಡಿತು. ಅಪ್ಪ ಡಗ್ಗಾ ಬಿಟ್ಟು, ಬಲಗಡೆಯ ತಬಲಾದ ಮೇಲಷ್ಟೇ ಬಲಗೈ ಆಡಿಸಿದ. ಕಡೆಯ ಚರಣ ಶುರುವಾದ ವೇಗದಲ್ಲೇ ಮುಗಿಯಿತು. ಅದುವರೆಗೆ ನಮ್ಮ ದೇವಾಲಯದಲ್ಲಿ ಹಾಗಾದದ್ದು ನನಗೆ ನೆನಪಿಲ್ಲ. ಅಪ್ಪ ಆಗ ನೋಡುತ್ತಿದ್ದುದು ನನ್ನ ಎಡಗೈಯನ್ನಲ್ಲ, ಆ ಹುಡುಗನ ತೊಡೆಯನ್ನು.

ಊಟಕ್ಕೆ ಹೋಳಿಗೆ ಬಡಿಸಿದಳು ಅವ್ವ. ಕಣಕ ಬಹಳ ಮೆದುವಾಗಿತ್ತು. ದೇವದಾನಪ್ಪನವರು ಕೋಟು ತೆಗೆದಿಟ್ಟು ಚೆನ್ನಾಗಿ ಉಂಡರು. ಕೈ ತೊಳೆದು ಕೂತ ಮೇಲೆ ಅಪ್ಪ ಗಂಟಲು ಸರಿಪಡಿಸಿಕೊಂಡ. ಅವನು ಬಾಯಿ ತೆಗೆಯುವ ಮೊದಲೇ ಅವರು ಹೇಳಿದರು.

“ನಾಲಿಗಿ ನೋಡ್ತಾರ ಅಂತ ಶಿಗ್ಗಾಂವಿಯವರು ಹೇಳಿ ಕಳಿಸ್ಯಾರ್ರಿ. ಮುಂಜಾನೆ ಬೇವಿನ ಕಡ್ಡಿಲೆ ತಿಕ್ಕಿಕೊಂಡು ಬಂದಾನ. ನೋಡ್ರಿ. ಏ ಜಯವಂತ, ತಗಿ ಬಾಯಿ.”

ಜಯವಂತ ನಾಲಿಗೆ ಚಾಚಿದ. ನಾನು ಬಾಗಿಲ ಮರೆಯಲ್ಲಿದ್ದೆ. ನಾನು ನನ್ನ ಗಂಡನನ್ನು ಹತ್ತಿರದಿಂದ ಮೊದಲು ಕಂಡದ್ದು ಆ ಸ್ಥಿತಿಯಲ್ಲಿ. ಅಪ್ಪ ನಾಲಿಗೆ ನೋಡಿದ. ರೆಪ್ಪೆ ಎಳೆದು ನೋಡಿದ. ಆಮೇಲೆ ಮುಂಗೈ ಹಿಡಿದು ನಾಡಿ ನೋಡತೊಡಗಿದ. ಬಹಳ ಹೊತ್ತು ಬಿಡಲಿಲ್ಲ. ದೇವದಾನಪ್ಪನವರಿಗೂ ಗಾಬರಿಯಾಗಿ, “ಏನಾರ ಐತೇನ್ರಿ?” ಎಂದು ಕೇಳಿದರು. ಅವ್ವ ಕೈಯಲ್ಲಿ ತಂಬಿಗೆ ಹಿಡಿದು ನಿಂತವಳು ನಿಂತೇ ಇದ್ದಳು.

ಅಪ್ಪ ಕೈ ಬಿಟ್ಟ. “ಏನೂ ಇಲ್ಲ,” ಎಂದ. ಯಾರದೋ ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದ. “ಒಂದೂ ರೋಗ ಇಲ್ಲ ಹುಡುಗಗ.”

“ಹಂಗಾರ ಬಾಯಿ ಸಿಹಿ ಮಾಡಾಕ ಬೆಲ್ಲ ತರ್ತೇನಿ,” ಎಂದಳು ಅವ್ವ. “ಸಕ್ಕರಿ ಸಿಕ್ಕಿಲ್ಲ.”

ಹೀಗೆ ನನ್ನ ಮದುವೆ ನಿಶ್ಚಯವಾಯಿತು.

ಮರುದಿನ ಅಪ್ಪ ಡಗ್ಗಾವನ್ನು ಹಳೆಯ ಧೋತರದಲ್ಲಿ ಸುತ್ತಿ ಜಂತಿಗೆ ಕಟ್ಟಿದ. ಮುಂದಿನ ಭಾನುವಾರ ಬರಿಗೈಯಲ್ಲಿ ಗಂಡಸರ ಚಾಪೆಯ ಕಡೆಯ ಸಾಲಿನಲ್ಲಿ ಕೂತ. ನಾನು ಒಬ್ಬಳೇ ಪೇಟಿ ಬಾರಿಸಿದೆ. ಎಲ್ಲವೂ ಶಿಸ್ತಾಗಿತ್ತು. ಮುದುಕರು ಕಡೆಯ ಚರಣದವರೆಗೆ ಹಾಡಿದರು. ಆರಾಧನೆ ಮುಗಿದ ಮೇಲೆ ಅವರೇ ಅಯ್ಯನವರ ಹತ್ತಿರ ಹೋಗಿ, ಏನೋ ಸಪ್ಪಗಾಯಿತು ಎಂದು ದೂರಿದರು. ಕೋಳಿಗಳು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದವು. ಮನೆಗೆ ಬಂದು ಅಪ್ಪ ಊಟದಲ್ಲಿ ಒಂದು ರೊಟ್ಟಿ ಬಿಟ್ಟ. ಹೊಟ್ಟೆ ಸರಿಯಿಲ್ಲವೆಂದು ತಾನೇ ಔಷಧ ಕುಡಿದ. ನನಗೆ ಆ ವಾರ ಹಿರೇಕೆರೂರಿಗೆ ಹೋಗಬೇಕೆಂಬ ಆಸೆಯೂ ಇತ್ತು, ಹೋಗಬಾರದೆಂಬ ಯೋಚನೆಯೂ ಬಂತು.

ನಾನು ಅವ್ವನಿಗೆ ಎಡಗೈಯ ಗುಟ್ಟು ಹೇಳಿದೆ. ಅಪ್ಪ ನೋಡುವುದು ತಿದಿ, ಕೇಳುವುದು ಏನೂ ಇಲ್ಲ ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿದದ್ದನ್ನು ಹಂಚಿನ ಮೇಲೆ ಹಾಕಿ ಕೇಳಿದಳು.

“ತಿದಿ ಒತ್ತಾಕ ಸರಿಗಮ ಬರಬೇಕೇನು?”

ಬೇಡ ಎಂದೆ.

“ಹಂಗಾರ ದಾನಪ್ಪ ಮಾಸ್ತರಗ ಎರಡೂ ಕೈಲೆ ಸ್ವರದ ಮನಿ ಒತ್ತು ಅನ್ನು. ಗಾಳಿ ನಾ ಹಾಕ್ತೇನಿ.”

ಪೇಟಿಗೆ ಇಬ್ಬರು ಕೂಡುವುದನ್ನು ಹಾನಗಲ್ಲಿನಲ್ಲಿ ಯಾರೂ ಕಂಡಿರಲಿಲ್ಲ. ಮಾಸ್ತರರು ಮೊದಲು ಒಪ್ಪಲಿಲ್ಲ. ಕೂತು ನೋಡಿದಾಗ, ತಿದಿಯ ಕೆಲಸ ತಪ್ಪಿದ ಅವರ ಎಡಗೈ ಗಾಳಿಯಲ್ಲಿ ನೊಣ ಹೊಡೆಯುತ್ತಿತ್ತು. ಆಮೇಲೆ ಒಪ್ಪಿದರು. ನಮ್ಮ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಅವ್ವ ಕಣಕ ನಾದುವ ಲಯದಲ್ಲೇ ತಿದಿ ಒತ್ತಿದಳು, ಅದೇ ಭುಜ, ಅದೇ ತೂಕ. ಎರಡನೆಯ ದಿನ ದವಾಖಾನೆಯಿಂದ ಬಂದ ಅಪ್ಪ ಹೊಸ್ತಿಲಲ್ಲಿ ನಿಂತು ಅವಳ ಕೈ ನೋಡಿದ. ಮೂರನೆಯ ದಿನ ಜಂತಿಯಿಂದ ಡಗ್ಗಾ ಇಳಿಯಿತು. ಹಿಟ್ಟಿನ ಬಗ್ಗೆ ಮಾತು ಬಂದಾಗ ಅವ್ವ ತಾನೇ ಓಣಿಯಲ್ಲಿ ಕೇಳಿ ಒಂದು ಹಿಡಿ ಗೋದಿಹಿಟ್ಟು ತಂದುಕೊಟ್ಟಳು.

ಮದುವೆ ಆ ವರ್ಷವೇ ಹಾನಗಲ್ಲಿನಲ್ಲಾಯಿತು. ಹೆಣ್ಣಿನ ತಾಯಿ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳಬೇಕು. ನಮ್ಮಲ್ಲಿ ಹೆಣ್ಣಿನ ತಾಯಿ ಇಳಕಲ್ ಸೀರೆಯುಟ್ಟು ಪೇಟಿಯ ಹಿಂದೆ ಕೂತಿದ್ದಳು. ಬೀಗರೇ ಒಳಗೆ ಬಂದು ಅವಳಿಗೆ ನಮಸ್ಕಾರ ಹೇಳಿ ಕೂತರು. ಎಲ್ಲ ಕೀರ್ತನೆಗಳೂ ಮರ್ಯಾದೆಯಿಂದ ನಡೆದವು. ಅಯ್ಯನವರು ಆಶೀರ್ವಾದ ಹೇಳಿದರು. ನಾವು ಹೊರಡುವ ಹಾಡು ಶುರುವಾಯಿತು. ನಾನು ಒಮ್ಮೆ ಅವ್ವನ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡಿದಳು. ಅವಳಿಗೆ ಅಳು ಬಂತು. ಬಿಕ್ಕಿದ ಹಾಗೆಲ್ಲ ತಿದಿ ಜೋರಾಯಿತು. ತಿದಿ ಜೋರಾದ ಹಾಗೆಲ್ಲ ಅಪ್ಪ ಜೋರಾದ. ಅಪ್ಪನನ್ನು ಹಿಡಿಯಲು ಮಾಸ್ತರರು ಎರಡೂ ಕೈಯಿಂದ ಓಡಿದರು. ಮೆಲ್ಲಗೆ ಹೆಜ್ಜೆಯಿಟ್ಟು ಹೋಗಬೇಕಾದ ಮದುಮಕ್ಕಳು ನಾವು ಹಾಡಿನ ಜೊತೆ ಹೊಂದಿಸಲು ಹೋಗಿ ಬಾಗಿಲ ಹತ್ತಿರ ಓಟಕ್ಕೆ ಬಂದಿದ್ದೆವು. ಮೆಟ್ಟಿಲ ಮೇಲಿದ್ದ ಕೋಳಿಗಳು ದಿಕ್ಕಾಪಾಲಾದವು.

ಹಿರೇಕೆರೂರಿನ ಪೇಟಿಯನ್ನು ಸವಣೂರಿಗೆ ಕಳಿಸಿ ದುರಸ್ತಿ ಮಾಡಿಸಿದೆವು. ಅದನ್ನು ನಾನು ಬಾರಿಸುತ್ತೇನೆ. ಜಯವಂತ ಕೈತಾಳ ಹಾಕುತ್ತಾರೆ, ಮಗಳು ಅವರ ತೊಡೆಯ ಮೇಲೆ ಕೂತಿರುತ್ತಾಳೆ. ಇಲ್ಲಿ ಕೋಳಿಗಳಿಲ್ಲ.

ಹಾನಗಲ್ಲಿನಿಂದ ಮೊನ್ನೆ ಬಂದವರು ಹೇಳಿದ ಪ್ರಕಾರ, ಕಳೆದ ತಿಂಗಳು ಅವ್ವನಿಗೆ ಭುಜ ಹಿಡಿದುಕೊಂಡಿತ್ತು. ಅಪ್ಪ ಎಣ್ಣೆ ತಿಕ್ಕಿ, ಕೈ ಎತ್ತಬಾರದೆಂದು ಹೇಳಿದ. ಆ ಭಾನುವಾರ ಅಪ್ಪ ಡಗ್ಗಾ ಮುಟ್ಟಲಿಲ್ಲ. ಪೇಟಿಯಿದ್ದ ಹೆಂಗಸರ ಚಾಪೆಯ ಮೇಲೆ, ದಾನಪ್ಪ ಮಾಸ್ತರರ ಪಕ್ಕದಲ್ಲಿ ಕುಳಿತು ತಿದಿ ಒತ್ತಿದ. ಅವ್ವ ಎದುರಿಗೆ ಕೂತಿದ್ದಳು, ಅಪ್ಪನ ಕಣ್ಣು ಅವಳ ಭುಜದ ಮೇಲೇ ಇತ್ತಂತೆ. ಕೀರ್ತನೆಗಳೆಲ್ಲ ನಿಧಾನವಾಗಿಯೇ ನಡೆದವಂತೆ.